ನೂರ ನಲವತ್ಮೂರನೇ ಪುಟದ ಹಿಂಬದಿ

ಜೂನ್ 11, ಗುರುವಾರ

ಪ್ರೀತಿಯ ಗೀಟಕ್ಕ,

ಬೆಳಗಿನ ಐದೂವರೆ. ಕೆಳಮನೆಯವರ ನೀರಿನ ಮೋಟಾರು ಗುರ್ ಎಂದು ಶುರುವಾಯಿತು, ನಾನು ಎದ್ದೆ. ಎದ್ದೆ ಅನ್ನುವುದೂ ದೊಡ್ಡ ಮಾತೇ. ಮಲಗಿದ್ದರೆ ತಾನೇ ಏಳುವುದು. ಪಾಪು ಮಾತ್ರ ಆ ಸದ್ದಿಗೆ ಕ್ಯಾರೇ ಅನ್ನದೆ ಮಲಗಿದೆ. ಏಳು ತಿಂಗಳಾಯಿತು ಅದಕ್ಕೆ. ರಾತ್ರಿಯಿಡೀ ನನ್ನ ಕೈಲಿ ಪಹರೆ ಮಾಡಿಸಿ, ಬೆಳಗಾಗುತ್ತಲೂ ಸಾಹೇಬರ ಹಾಗೆ ನಿದ್ದೆ ಹೋಗುತ್ತದೆ. ಫೋನಿನಲ್ಲಿ ಮಾತಾಡಿದರೆ ಎದ್ದೀತು ಅಂತ ಬರೆಯಲು ಕೂತಿದ್ದೇನೆ. ನಿನ್ನ ಲೈಬ್ರರಿಯಲ್ಲೂ ಫೋನು ಎತ್ತುವ ಹಾಗಿಲ್ಲವಲ್ಲ. ಹೊಸ ಕೆಲಸ ಹೇಗಿದೆ? ಅಲ್ಲಿಯ ಪುಸ್ತಕಗಳಿಗೂ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಕೂತಿದ್ದೀಯೋ ಹೇಗೆ?

ವಿಷಯಕ್ಕೆ ಬರುತ್ತೇನೆ. ಗಡಿಯಾರದವರ ಮೇಲ್ಮನವಿ ನೆನಪಿದೆಯಲ್ಲ? ಮೂವತ್ತು ವರ್ಷದಿಂದ ಆ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವವರು. ಕಟ್ಟಡದ ಹಳೆಯ ಮಾಲೀಕ ಅವರಿಗೊಂದು ಪತ್ರ ಕೊಟ್ಟಿದ್ದ. ಮುಂಬದಿಯಲ್ಲಿ ಬಾಡಿಗೆಯ ಕರಾರು. ಹಿಂಬದಿಯಲ್ಲಿ ಅವನದೇ ಕೈಬರಹದಲ್ಲಿ ಎರಡು ಸಾಲು: ನೀವು ಬದುಕಿರುವ ತನಕ ಈ ಅಂಗಡಿಯಿಂದ ನಾನಾಗಲಿ ನನ್ನ ಮಕ್ಕಳಾಗಲಿ ನಿಮ್ಮನ್ನು ಎಬ್ಬಿಸುವುದಿಲ್ಲ. ಮಾಲೀಕ ತೀರಿಕೊಂಡ, ಮಕ್ಕಳು ಎಬ್ಬಿಸಲು ಬಂದರು. ಕೆಳಗಿನ ಕೋರ್ಟು ಹಿಂಬದಿಯ ಮಾತೇ ಎತ್ತದೆ, ಈ ಪತ್ರದಿಂದ ಪ್ರಯೋಜನವಿಲ್ಲ ಎಂದು ಒಂದು ಸಾಲಿನಲ್ಲಿ ಕೈ ತೊಳೆದುಕೊಂಡಿತು. ನಮ್ಮ ಸೀನಿಯರ್ ಬರೆದ ಲಿಖಿತ ವಾದದಲ್ಲಿ ಇಪ್ಪತ್ತೆರಡರಿಂದ ಇಪ್ಪತ್ತೇಳನೇ ಪ್ಯಾರಾದವರೆಗೆ ಆ ಎರಡು ಸಾಲೇ ಆಧಾರ. ಉಳಿದದ್ದೆಲ್ಲ ಬರೀ ಅಲಂಕಾರ.

ನಿನ್ನೆ ಎದುರು ವಕೀಲರು ಒಂದು ಅರ್ಜಿ ಹಾಕಿದ್ದಾರೆ. ಆ ಆರು ಪ್ಯಾರಾಗಳನ್ನು ತೆಗೆದುಹಾಕಬೇಕಂತೆ. ಯಾಕೆಂದರೆ ನಾವು ದಾಖಲೆಗಳನ್ನೆಲ್ಲ ನಕಲು ಮಾಡಿ, ಹೊಲಿದು ಕೊಟ್ಟ ಪೇಪರ್‌ಬುಕ್ಕಿನ ನೂರ ನಲವತ್ಮೂರನೇ ಪುಟದಲ್ಲಿ ಪತ್ರದ ಮುಂಬದಿ ಮಾತ್ರ ಇದೆ. ಹಿಂಬದಿ ಇಲ್ಲವೇ ಇಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು ವಾದದಲ್ಲಿ ಹೇಳುವ ಹಾಗಿಲ್ಲ.

ಜನವರಿಯಲ್ಲಿ ನಾವು ನಕಲನ್ನು ಮೂಲದ ಜೊತೆ ಹೋಲಿಸಿ ನೋಡಿದಾಗ ಆ ಹಾಳೆಯ ಹಿಂದೆ ಏನಾದರೂ ಕಂಡಿತ್ತಾ ನಿನಗೆ? ಸ್ವಲ್ಪ ನೆನಪು ಮಾಡಿಕೊಂಡು ಬರೆ. ಸೀನಿಯರ್ ಇನ್ನೂ ಯಾರನ್ನೂ ಏನೂ ಕೇಳಿಲ್ಲ. ಕನ್ನಡಕ ಒರೆಸುತ್ತಾ ಕೂತಿದ್ದಾರೆ. ಅವರು ಕನ್ನಡಕ ಒರೆಸಿದರೆ ಏನರ್ಥ ಅಂತ ನಿನಗೆ ಗೊತ್ತು.

ನಿನ್ನ,
ಚುಕ್ಕಿ


ಜೂನ್ 19

ಚುಕ್ಕಿ,

ಯಾವ ‘ನಾವು’ ಕಣೇ?

ಜನವರಿಯಲ್ಲಿ ನಾನು ನಿನ್ನ ಮನೆಗೆ ಬಂದದ್ದು ಎರಡು ಸಂಜೆ. ಮೊದಲನೇ ಸಂಜೆ ಅರವತ್ತು ಪುಟ, ಎರಡನೇ ಸಂಜೆ ನಲವತ್ತು. ನೂರನೇ ಪುಟದ ಕೊನೆಯ ಪದದ ಕೆಳಗೆ ಗೀಟು ಹಾಕಿದ್ದು ನನ್ನ ಕೈ. ನೂರ ಒಂದರ ಮುಖ ನಾನು ನೋಡಿಲ್ಲ. ಇನ್ನು ಎರಡು ಬಸ್ಸು ಬದಲಿಸಿ ಬರಲು ನನ್ನಿಂದ ಆಗುವುದಿಲ್ಲ ಅಂದೆ. ನೀನು ಎರಡು ತಿಂಗಳ ಕೂಸನ್ನು ತೋಳಲ್ಲಿ ಹಿಡಿದು ಕಣ್ಣೀರು ಹಾಕಿದೆ. ಮನೆಯಲ್ಲೇ ಕೆಲಸ ಮಾಡು, ಆದರೆ ಪ್ರತಿ ಪುಟವನ್ನೂ ಇಬ್ಬರು ಹೋಲಿಸಿರಬೇಕು ಅಂತ ಸೀನಿಯರ್ ಷರತ್ತು ಹಾಕಿದ್ದರು, ತಪ್ಪಿದರೆ ಕೆಲಸ ಹೋಗುತ್ತದೆ ಅಂದೆ. ನಾನೂ ಕತ್ತೆ. ಉಳಿದ ಪುಟಗಳಿಗೆ, ಬ್ಯಾಚಿಗೊಂದರಂತೆ ಆರು ದೃಢೀಕರಣದ ಹಾಳೆಗಳ ಮೇಲೆ ‘ಹೋಲಿಸಿದವರು’ ಅನ್ನುವ ಜಾಗದಲ್ಲಿ ಸಹಿ ಗೀಚಿ ಕೊಟ್ಟೆ. ಬೇರೆ ಯಾರನ್ನಾದರೂ ಕೂರಿಸಿಕೊಂಡು ಓದ್ತೀನಿ ಅಂತ ಮಾತು ಕೊಟ್ಟಿದ್ದೆ ನೀನು. ಓದಿದ್ದೀಯೋ ಇಲ್ಲವೋ ನಾನು ಕೇಳಲಿಲ್ಲ. ಅದು ನನ್ನ ತಪ್ಪು.

ಈಗ ಕಿವಿಗೊಟ್ಟು ಕೇಳು. ಇದು ಇನ್ನೂ ಸಣ್ಣದು. ಹಿಂಬದಿ ಬಿಟ್ಟುಹೋಗಿದೆ, ನಾನೊಬ್ಬಳೇ ನೋಡಿದ್ದು, ಗೀಟಕ್ಕನ ಸಹಿ ಮೊದಲೇ ಇಸಕೊಂಡಿದ್ದೆ ಅಂತ ಇವತ್ತೇ ಹೋಗಿ ಸೀನಿಯರ್ ಮುಂದೆ ಹೇಳು. ಬೈತಾರೆ. ಬೈಸಿಕೋ. ನನಗೂ ಬೈಯಲಿ, ಬಂದು ನಿನ್ನ ಪಕ್ಕದಲ್ಲೇ ನಿಲ್ಲುತ್ತೇನೆ, ಅರ್ಧ ದಿನ ರಜೆ ಹಾಕಿ. ಕೋರ್ಟಿಗೂ ಹಾಗೇ ಹೇಳಿದರೆ ಹಿಂಬದಿ ಸೇರಿಸಲು ಅನುಮತಿ ಸಿಗುತ್ತದೆ. ಕೋರ್ಟುಗಳು ಮರೆವನ್ನು ದಿನಾ ನೋಡುತ್ತವೆ.

ಹೇಳಿದ ದಿನ ನನಗೆ ಒಂದು ಸಾಲು ಬರೆ. ಪಾಪುವಿಗೆ ಹಲ್ಲು ಬಂತೋ?

ಗೀಟಕ್ಕ


ಜುಲೈ 30

ಪ್ರೀತಿಯ ಗೀಟಕ್ಕ,

ಒಂದು ಸಾಲು ಬರೆ ಅಂದಿದ್ದೆ, ಆರು ವಾರವಾಯಿತು. ಕೋಪ ಮಾಡಿಕೊಳ್ಳಬೇಡ. ಪಾಪುವಿಗೆ ಕೆಳಗಿನ ಎರಡು ಹಲ್ಲು ಬಂದಿವೆ. ಮೊದಲು ಕಚ್ಚಿದ್ದು ನನ್ನ ಭುಜವನ್ನು. ನಡುವೆ ಜ್ವರ ಬಂತು, ನಾಲ್ಕು ದಿನ ಮಡಿಲಿನಿಂದ ಇಳಿಯಲಿಲ್ಲ. ನನ್ನ ಗಂಡ ಎಂಬ ಮಹಾಶಯರಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ. ಊರಿನವರ ರಕ್ತವನ್ನೆಲ್ಲ ಪರೀಕ್ಷೆ ಮಾಡುತ್ತಾರೆ, ನನ್ನ ಮುಖ ನೋಡಿದರೆ ರಿಪೋರ್ಟು ತಾನಾಗೇ ಬರುತ್ತದೆ ಅನ್ನುತ್ತಾರೆ.

ಆ ಅರ್ಜಿಯ ವಿಷಯ ಒಂದು ಹಂತಕ್ಕೆ ಬಂದಿದೆ. ಹಿಂಬದಿಯನ್ನು ದಾಖಲೆಗೆ ಸೇರಿಸಲು ಅನುಮತಿ ಕೊಡಿ ಅಂತ ಸೀನಿಯರ್ ನಮ್ಮ ಕಡೆಯಿಂದ ಅರ್ಜಿ ಹಾಕಿದರು. ಅದಕ್ಕೊಂದು ಅಫಿಡವಿಟ್ ಬೇಕಿತ್ತು, ಹಾಕಿದ್ದಾಯಿತು. ಅದರಲ್ಲಿ ಅಂಥದ್ದೇನಿಲ್ಲ, ಹೇಗೆ ಬಿಟ್ಟುಹೋಯಿತು ಅನ್ನುವ ವಿವರಣೆ, ಅಷ್ಟೆ. ಅವತ್ತು ಕಚೇರಿಯಲ್ಲಿ ಬಹಳ ಜನ ಇದ್ದರು. ಸೀನಿಯರ್ ಹತ್ತಿರ ಮಾತಾಡಲು ಸಮಯ ನೋಡುತ್ತಾ ಇದ್ದೇನೆ.

ನೀನು ತಲೆ ಕೆಡಿಸಿಕೊಳ್ಳಬೇಡ. ಹೊಸ ಕೆಲಸ, ಅದರ ಕಡೆ ನೋಡು. ಲೈಬ್ರರಿಯ ಕಿಟಕಿಯಿಂದ ಮರ ಕಾಣುತ್ತದೆ ಅಂದಿದ್ದೆಯಲ್ಲ, ಯಾವ ಮರ?

ನಿನ್ನ,
ಚುಕ್ಕಿ


ಆಗಸ್ಟ್ 22

ಶ್ರೀಮತಿಯವರಿಗೆ,

ಮೇಲ್ಮನವಿ ನ್ಯಾಯಾಲಯದಿಂದ ನನಗೊಂದು ನೋಟೀಸು ಬಂದಿದೆ. ನೀವು ಸಹಿ ಮಾಡಿದ ಅಫಿಡವಿಟ್ಟಿನ ಪ್ರತಿ ಜೊತೆಗಿದೆ. ಲೈಬ್ರರಿಯ ವಿಳಾಸಕ್ಕೆ ಬಂದದ್ದರಿಂದ ನನಗಿಂತ ಮೊದಲು ನಮ್ಮ ಮುಖ್ಯಸ್ಥರು ಓದಿದರು. ಅವರ ಮೇಜಿನ ಎದುರು ನಿಂತು ನಾನು ಓದಿದೆ. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ ಎಂಬುದು ನಿಮಗೆ ತಿಳಿದೇ ಇದೆ.

ಮೂರನೇ ಪ್ಯಾರಾ ಹೀಗಿದೆ: ‘ನಾನು ಆಗ ಹೆರಿಗೆ ರಜೆಯಲ್ಲಿದ್ದು, ಸದರಿ ಪುಟಗಳನ್ನು ಮೂಲದೊಂದಿಗೆ ಹೋಲಿಸುವ ಹೊಣೆ ಈಗ ಕಚೇರಿ ಬಿಟ್ಟಿರುವ ಸಹೋದ್ಯೋಗಿಯದಾಗಿತ್ತು. ಲೋಪವು ಅವರ ಅಜಾಗರೂಕತೆಯಿಂದ ಉಂಟಾದದ್ದು.’

ನನಗೆ ಇನ್ನು ಪತ್ರ ಬರೆಯಬೇಡಿ.

(ಸಹಿ)


ಸೆಪ್ಟೆಂಬರ್ 8

ಗೀಟಕ್ಕ,

ಬರೆಯಬೇಡಿ ಅಂದಿದ್ದೀಯ, ಬರೆಯುತ್ತಿದ್ದೇನೆ. ನೀನು ನನಗೆ ‘ನೀವು’ ಅಂದದ್ದನ್ನು ದಿನಕ್ಕೆ ಎಷ್ಟು ಸಲ ತೆಗೆದು ಓದುತ್ತೇನೋ ಲೆಕ್ಕವಿಲ್ಲ. ಕಚೇರಿಗೆ ಸೇರಿದ ಮೊದಲನೇ ದಿನ ನಾನು ನಿನ್ನನ್ನು ನೀವು ಅಂದಾಗ, ‘ನೀವು ಗೀವು ಅಂದ್ರೆ ಪೆನ್ಸಿಲಲ್ಲಿ ಚುಚ್ತೀನಿ ನೋಡು’ ಅಂದವಳು ನೀನು.

ಹೇಗಾಯಿತು ಅಂತ ಹೇಳುತ್ತೇನೆ. ಕ್ಷಮೆಗಲ್ಲ. ಇದನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ.

ನೀನು ಬರುವುದು ನಿಂತ ಮೇಲೆ ನಾನು ಬೇರೆ ಯಾರನ್ನೂ ಕೂರಿಸಿಕೊಳ್ಳಲಿಲ್ಲ. ಯಾರಿದ್ದರು ಕೂರಿಸಿಕೊಳ್ಳಲು? ಮೂಲವನ್ನು ಹಿಡಿದು ಗಟ್ಟಿಯಾಗಿ ಓದುವುದು ಒಬ್ಬರು, ನಕಲಿನ ಮೇಲೆ ಪೆನ್ಸಿಲು ಜಾರಿಸುತ್ತಾ ಹೋಗುವುದು ಇನ್ನೊಬ್ಬರು, ಅದು ತಾನೇ ಪದ್ಧತಿ. ನಾನು ಎರಡನ್ನೂ ಒಬ್ಬಳೇ ಮಾಡಿದೆ. ಓದುವುದು ಮಾತ್ರ ಗಟ್ಟಿಯಾಗಿಯೇ ಓದಿದೆ. ಯಾಕೆ ಗೊತ್ತಾ? ಪಾಪು ಅದಕ್ಕೆ ಮಲಗುತ್ತಿತ್ತು. ಹಾಡಿಗೆ ಮಲಗದ ಕೂಸು ಸಾಕ್ಷಿಗಳ ಹೇಳಿಕೆಗೆ ಮಲಗುತ್ತಿತ್ತು. ‘ವಾದಿಯು ಸದರಿ ಸ್ವತ್ತಿನಲ್ಲಿ ಅಲ್ಪವಿರಾಮ ಬಾಡಿಗೆದಾರನಾಗಿದ್ದು ಅಲ್ಪವಿರಾಮ’ ಅಂತ ನೀನು ಕಲಿಸಿದ ಹಾಗೇ ರಾಗವಾಗಿ ಓದುತ್ತಾ ಹೋದರೆ, ‘ಚುಕ್ಕಿ’ ಅನ್ನುವ ಹೊತ್ತಿಗೆ ಕಣ್ಣು ಮುಚ್ಚಿರುತ್ತಿತ್ತು. ನನಗೆ ಹೆಸರು ಬಂದದ್ದೂ ಹಾಗೇ ತಾನೇ. ಪೂರ್ಣವಿರಾಮ ಅನ್ನದೆ ಚುಕ್ಕಿ ಅನ್ನುತ್ತೇನೆ ಅಂತ ನೀನೇ ಇಟ್ಟದ್ದು.

ಆ ದಿನ ಮಧ್ಯಾಹ್ನ ನೂರ ನಲವತ್ಮೂರಕ್ಕೆ ಬಂದಾಗ ಪಾಪು ಹೆಗಲ ಮೇಲೆ ಆಗಷ್ಟೇ ಭಾರವಾಗಿತ್ತು. ಮಕ್ಕಳು ನಿದ್ದೆಗೆ ಜಾರಿದಾಗ ತೂಕ ಹೆಚ್ಚಾಗುತ್ತದೆ, ನಿನಗೆ ಗೊತ್ತಿರಲಾರದು. ಎರಡು ದಿನದಿಂದ ಮಲಗದ ಕೂಸು. ಗಡಿಯಾರದವರ ಪತ್ರ ಹಳೆಯ ಕಾಲದ ದಪ್ಪ ಕಾಗದ. ಮುಟ್ಟಿದರೆ ಪರಪರ ಅನ್ನುತ್ತದೆ. ಯಂತ್ರದಲ್ಲಿ ಮುಂಬದಿ ನಕಲು ಮಾಡಿಟ್ಟಿದ್ದೆ. ಹಿಂಬದಿ ಹೋಲಿಸುವಾಗ ನೋಡಿದರಾಯಿತು ಅಂತ ಬಿಟ್ಟಿದ್ದೆ. ಈಗ ಮುಂಬದಿಯ ಕೊನೆಯ ಪದದ ಕೆಳಗೆ ಗೀಟು ಹಾಕಿದೆ. ಇನ್ನು ಹಾಳೆ ಮಗುಚಬೇಕು. ಹಿಂದೆ ಏನೂ ಇಲ್ಲದಿದ್ದರೂ ಮಗುಚಿ ನೋಡಿ, ‘ಹಿಂಬದಿ ಖಾಲಿ’ ಅಂತ ಬಾಯಿಬಿಟ್ಟು ಹೇಳಬೇಕು ಅಂತ ನೀನು ನೂರು ಸಲ ಹೇಳಿಕೊಟ್ಟಿದ್ದೆ.

ನಾನು ಮಗುಚಲಿಲ್ಲ. ಮಗುಚದೆ, ಮೆಲ್ಲಗೆ, ಪಾಪುವಿನ ಕಿವಿಯ ಹತ್ತಿರ, ‘ಹಿಂಬದಿ ಖಾಲಿ’ ಅಂದೆ.

ಸುಳ್ಳು ಹೇಳುತ್ತಿದ್ದೇನೆ ಅಂತ ಅನ್ನಿಸಲೂ ಇಲ್ಲ, ಅಕ್ಕ. ಬಾಯಿಗೆ ರೂಢಿಯಾದ ಮಾತು ತಾನಾಗಿ ಬಂತು. ಕೇಳಲು ಎದುರಿಗೆ ಯಾರೂ ಇರಲಿಲ್ಲ. ನೀನಿದ್ದಿದ್ದರೆ ತಲೆ ಎತ್ತಿ ನೋಡುತ್ತಿದ್ದೆ. ಆಮೇಲೆ ಆ ಬ್ಯಾಚಿನ ದೃಢೀಕರಣದ ಹಾಳೆ ತೆಗೆದು, ನಿನ್ನ ಸಹಿಯ ಮೇಲಿನ ಸಾಲಿನಲ್ಲಿ ನನ್ನ ಸಹಿ ಹಾಕಿದೆ. ‘ಎಲ್ಲ ಪುಟಗಳನ್ನೂ ಇಬ್ಬದಿ ಹೋಲಿಸಲಾಗಿದೆ.’

ಇದು ನಿದ್ದೆಗೆಟ್ಟವಳ ತಪ್ಪು ಅಂತ ಯಾರಾದರೂ ಬಿಟ್ಟಾರು. ಜುಲೈನದ್ದು ಹಾಗಲ್ಲ. ಅದಕ್ಕೆ ನಿದ್ದೆಯನ್ನು ಅಡ್ಡ ಹಿಡಿಯಲು ಬರುವುದಿಲ್ಲ.

ಅವತ್ತು ಸೀನಿಯರ್ ರೂಮಿನಲ್ಲಿ ಬಹಳ ಜನ ಇದ್ದರು ಅಂತ ಬರೆದಿದ್ದೆನಲ್ಲ. ಟೈಪಿಸ್ಟ್ ಬಿಟ್ಟರೆ ಒಬ್ಬರೂ ಇರಲಿಲ್ಲ. ಯಾರಮ್ಮ ಹೋಲಿಸಿದ್ದು ಅಂತ ಕೇಳಿದರು.  ಉತ್ತರವನ್ನೂ ಅವರೇ ಕೊಟ್ಟರು. ‘ಬಿಟ್ಟುಹೋದಳಲ್ಲ, ಅವಳು ತಾನೇ? ಸರಿ ಬಿಡು. ಅವಳಿಗೇನಾಗುತ್ತೆ, ಆಚೆ ಹೋಗಿದಾಳೆ. ನೀನು ಇಲ್ಲಿರ್ಬೇಕಾದವಳು.’ ನಾನು ತಲೆಯಾಡಿಸಿದೆ. ಬರೀ ತಲೆ. ಅದನ್ನು ವಾಕ್ಯ ಮಾಡಿದವನು ಟೈಪಿಸ್ಟ್. ಕಾಗದ ಕೈಗೆ ಬಂದಾಗ ಕಣ್ಣು ಮುಚ್ಚಿ ಸಹಿ ಹಾಕಿದೆ ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಓದಿದೆ. ಮೂರನೇ ಪ್ಯಾರಾದಲ್ಲಿ ‘ರಜೆಯಲ್ಲಿದ್ದು’ ಆದ ಮೇಲೆ ಅಲ್ಪವಿರಾಮ ಬಿಟ್ಟುಹೋಗಿತ್ತು. ಪೆನ್ನು ತೆಗೆದು ಅದನ್ನು ಸೇರಿಸಿ, ಆಮೇಲೆ ಸಹಿ ಹಾಕಿದೆ.

ಅಷ್ಟು ಎಚ್ಚರವಾಗಿದ್ದೆ ನಾನು.

ಚುಕ್ಕಿ


ಸೆಪ್ಟೆಂಬರ್ 29

ಗೀಟಕ್ಕ,

ಉತ್ತರ ಬರಲಿಲ್ಲ. ಬರುತ್ತದೆ ಅಂತ ನಾನೂ ಕಾದಿರಲಿಲ್ಲ. ಮೂರು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಅದೂ ನ್ಯಾಯವೇ. ಆದರೆ ನಡೆದದ್ದು ನಿನಗೆ ಗೊತ್ತಾಗಬೇಕು.

ನಮ್ಮ ಅರ್ಜಿಗೆ ಎದುರು ವಕೀಲರು ಆಕ್ಷೇಪಣೆ ಹಾಕಿದ್ದಾರೆ. ಬಹಳ ಜಾಣರು. ದೃಢೀಕರಣದ ಹಾಳೆಯನ್ನೇ ಮುಂದೆ ಹಿಡಿದಿದ್ದಾರೆ. ಇಬ್ಬರು ಅನುಭವಸ್ಥರು ಪ್ರತಿ ಪುಟದ ಎರಡೂ ಬದಿ ಹೋಲಿಸಿದೆವು ಅಂತ ಸಹಿ ಹಾಕಿದ್ದಾರೆ. ಒಬ್ಬರು ಅಜಾಗರೂಕರಾದರೆ ಇನ್ನೊಬ್ಬರಿಗಾದರೂ ಕಾಣಬೇಕಿತ್ತು. ಇಬ್ಬರಿಗೂ ಕಾಣಲಿಲ್ಲ ಅಂದರೆ ಜನವರಿಯಲ್ಲಿ ಆ ಎರಡು ಸಾಲು ಅಲ್ಲಿ ಇರಲೇ ಇಲ್ಲ. ಗಡಿಯಾರದವರೇ ಆಮೇಲೆ ಬರೆದು ಸೇರಿಸಿದ್ದಾರೆ. ಇದು ಅವರ ವಾದ. ಕೆಳಗಿನ ಕೋರ್ಟಿನ ಕಡತ ತರಿಸಿ ನೋಡೋಣವೆಂದರೆ, ಮೂಲ ಪತ್ರವನ್ನು ವಾಪಸು ಪಡೆಯುವಾಗ ಅಲ್ಲಿ ಬಿಟ್ಟು ಬಂದದ್ದೂ ನಾನು ಮಾಡಿದ ಅದೇ ಒಂದು ಬದಿಯ ನಕಲು. ಬರೆದವನು ಬದುಕಿಲ್ಲ. ಎಲ್ಲಿ ಹುಡುಕಿದರೂ ನನ್ನ ನೂರ ನಲವತ್ಮೂರೇ ಸಿಗುತ್ತದೆ.

ನಾನು ಮಗುಚದೆ ಬಿಟ್ಟ ಹಾಳೆ ಈಗ ಒಬ್ಬ ಮನುಷ್ಯನನ್ನು ಖೋಟಾ ಮಾಡಿದವನು ಅನ್ನುತ್ತಿದೆ.

ನಿನ್ನೆ ಅವರ ಅಂಗಡಿಗೆ ಹೋದೆ. ಸೀನಿಯರ್ ಕಳಿಸಿದ್ದು, ಹಳೆಯ ಮಾಲೀಕನ ಬೇರೆ ಕೈಬರಹ ಏನಾದರೂ ಇದೆಯೇ ಕೇಳಿಕೊಂಡು ಬಾ ಅಂತ. ಪಾಪುವನ್ನು ಎತ್ತಿಕೊಂಡೇ ಹೋಗಿದ್ದೆ. ಅಂಗಡಿ ಅನ್ನುವಷ್ಟೂ ಇಲ್ಲ ಅದು, ಮೆಟ್ಟಿಲ ಕೆಳಗೆ ಒಬ್ಬರು ಕೂತರೆ ಇನ್ನೊಬ್ಬರು ಬಾಗಿ ನಿಲ್ಲಬೇಕು. ನಮ್ಮನ್ನು ನೋಡುತ್ತಲೂ ಕಣ್ಣಿಗೆ ಕಚ್ಚಿಸಿದ್ದ ಮಸೂರ ತೆಗೆದು, ಸ್ಟೂಲನ್ನು ಬಟ್ಟೆಯಿಂದ ಒರೆಸಿದರು. ಪಾಪು ಇಕ್ಕಳಕ್ಕೆ ಕೈ ಹಾಕಿತು, ಅವರು ನಗುತ್ತಾ ಕೆಲಸಕ್ಕೆ ಬಾರದ ಒಂದು ಹಲ್ಲಿನ ಚಕ್ರ ಹುಡುಕಿದರು. ಆಮೇಲೆ ನುಂಗೀತು ಅಂತ ಅದನ್ನು ಮತ್ತೆ ಡಬ್ಬಿಗೆ ಹಾಕಿ, ತಮ್ಮ ಕನ್ನಡಕದ ಡಬ್ಬಿಯನ್ನೇ ಕೊಟ್ಟರು.

ಬೇರೆ ಕೈಬರಹ ಇಲ್ಲವಂತೆ. ಮಾಲೀಕರೂ ನಾನೂ ದಿನಾ ಮಾತಾಡುತ್ತಿದ್ದೆವು, ಬರೆಯುವ ಪ್ರಸಂಗ ಎಲ್ಲಿ ಬಂತು ಅಂದರು. ತಮ್ಮ ಮೇಲೆ ಹಾಕಿರುವ ಆಪಾದನೆಯನ್ನು ಯಾರೋ ಓದಿ ಹೇಳಿದ್ದಾರೆ ಅವರಿಗೆ.  ನಾನು ಹೊರಡುವಾಗ, ಒಂದು ಕೈಗಡಿಯಾರದ ಹಿಂದಿನ ಮುಚ್ಚಳ ಬಿಚ್ಚುತ್ತಾ, ಮುಖ ನೋಡದೆ ಕೇಳಿದರು.

‘ನೀವೇ ಅಲ್ವಾ ಮಗಳೇ ಪುಸ್ತಕ ಮಾಡಿದ್ದು? ತಿರುವಿ ನೋಡಿದ್ರಾ ಆ ಹಾಳೆನ?’

ಸಿಟ್ಟಿನಿಂದ ಕೇಳಲಿಲ್ಲ. ನಾನು ಹೌದು ಅಂದಿದ್ದರೆ ನಂಬಿ, ತಮ್ಮ ನೆನಪನ್ನೇ ಸಂಶಯಿಸುತ್ತಿದ್ದರೋ ಏನೋ. ಅಂಥ ದನಿ. ಬಸ್ಸು ಬಂತು ಅಂತ ಹೇಳಿ ಓಡಿಬಂದೆ. ಬಸ್ಸು ಬಂದಿರಲಿಲ್ಲ. ಸ್ಟಾಪಿನಲ್ಲಿ ಇಪ್ಪತ್ತು ನಿಮಿಷ ಅವರ ಅಂಗಡಿಗೆ ಬೆನ್ನು ತಿರುಗಿಸಿ ನಿಂತಿದ್ದೆ. ಅವರು ನೋಡುತ್ತಿದ್ದರು ಅಂತ ಬೆನ್ನಿಗೆ ಗೊತ್ತಾಗುತ್ತಿತ್ತು.

ಕನ್ನಡಕದ ಡಬ್ಬಿ ಪಾಪುವಿನ ಕೈಯಲ್ಲೇ ಮನೆಗೆ ಬಂದುಬಿಟ್ಟಿದೆ.

ಚುಕ್ಕಿ


ಅಕ್ಟೋಬರ್ 14, ಬುಧವಾರ, ಸಂಜೆ ಆರು

ಗೀಟಕ್ಕ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನನ್ನ ಗಂಡ ಏಳಕ್ಕೆ ಪಾಳಿಗೆ ಹೊರಡುತ್ತಾರೆ. ನಿನ್ನ ಬೀದಿಯ ಮೇಲೇ ಹೋಗಿ, ಮನೆಗೆ ಬಂದು ನಿನ್ನ ಕೈಗೇ ಕೊಡುತ್ತಾರೆ. ಅವರಿಗೆ ಎಲ್ಲ ಹೇಳಿದ್ದೇನೆ, ಇವತ್ತು ಮಧ್ಯಾಹ್ನ. ಬೈಯಲಿಲ್ಲ. ಪಾಪುವನ್ನು ನನ್ನ ಕೈಯಿಂದ ಇಸಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತರು. ‘ಆರು ವರ್ಷ ಒಂದೇ ಮೇಜು, ಒಂದೇ ಡಬ್ಬಿ ಊಟ ಅಂತಿದ್ದೆ,’ ಅಂದರು. ಅಷ್ಟೇ ಅಂದದ್ದು.

ನಾಳೆ ಹತ್ತೂವರೆಗೆ ಎರಡೂ ಅರ್ಜಿಗಳ ವಿಚಾರಣೆ. ದೃಢೀಕರಣಕ್ಕೆ ಸಹಿ ಹಾಕಿದ ಇಬ್ಬರಲ್ಲಿ ಕಚೇರಿಯಲ್ಲಿ ಉಳಿದವರು ಖುದ್ದಾಗಿ ಬರಬೇಕು, ಹೊಸ ಅಫಿಡವಿಟ್ ಜೊತೆಗೆ ತರಬೇಕು ಅಂತ ಪೀಠ ಹೇಳಿದೆ. ಅಂದರೆ ನಾನು. ಸೀನಿಯರ್ ಒಂದು ಕರಡು ಕಳಿಸಿದ್ದಾರೆ. ಜುಲೈನಲ್ಲಿ ಹೇಳಿದ್ದನ್ನೇ ಇನ್ನಷ್ಟು ಬಿಗಿಮಾಡಿ, ನಿನ್ನ ಬಗ್ಗೆ ಇನ್ನೂ ಎರಡು ಸಾಲು ಸೇರಿಸಿದ್ದಾರೆ. ಆ ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಸಹಿ ಹಾಕುವುದಿಲ್ಲ ಅಂತ ಬೆಳಿಗ್ಗೆ ಅವರಿಗೆ ಹೇಳಿದೆ. ಆಗಲೇ ಎಲ್ಲವನ್ನೂ ಹೇಳಿದೆ, ಮಗುಚದ ಹಾಳೆಯನ್ನು, ಪಾಪುವನ್ನು, ತಲೆಯಾಡಿಸಿದ್ದನ್ನು. ಎಲ್ಲವನ್ನೂ ಅಂದೆನಲ್ಲ, ನಿನ್ನ ಸಹಿ ಆ ಹಾಳೆಗೆ ಹೇಗೆ ಬಂತು ಅನ್ನುವುದೊಂದನ್ನು ಬಿಟ್ಟು. ಜೂನ್ ತಿಂಗಳಲ್ಲಿ ನೀನು ನಿಂತುಕೋ ಅಂದ ಜಾಗದಲ್ಲಿ ನಿಂತಿದ್ದೆ, ನಾಲ್ಕು ತಿಂಗಳು ತಡವಾಗಿ, ನೀನಿಲ್ಲದೆ. ಕನ್ನಡಕ ತೆಗೆದರು, ಒರೆಸಲಿಲ್ಲ. ‘ಹಾಗಾದ್ರೆ ನಿನ್ನದು ನೀನೇ ಬರೆದುಕೊಂಡು ಬಾ. ಅದಾದ ಮೇಲೆ ಈ ಕಚೇರಿಗೆ ಬರ್ಬೇಡ,’ ಅಂದರು. ನ್ಯಾಯವಾದ ಮಾತು.

ಅದಕ್ಕೆ ಬರೆದಿದ್ದೇನೆ. ನನ್ನ ಪಾಲಿನದು ನಾಲ್ಕು ಪ್ಯಾರಾ. ಅದನ್ನು ಬರೆಯಲು ಕಾಲು ಗಂಟೆಯೂ ಹಿಡಿಯಲಿಲ್ಲ. ಪುಟ ಮಗುಚಲಿಲ್ಲ, ಒಬ್ಬಳೇ ನೋಡಿದೆ, ಜುಲೈನ ಮೂರನೇ ಪ್ಯಾರಾ ಸುಳ್ಳೆಂದು ತಿಳಿದೇ ಸಹಿ ಹಾಕಿದೆ, ಆ ಎರಡು ಸಾಲು ಇತ್ತೋ ಇಲ್ಲವೋ ನಾನು ನೋಡಿಯೇ ಇಲ್ಲವಾದ್ದರಿಂದ ನನ್ನ ಸಹಿಯನ್ನು ಹಿಡಿದು ಗಡಿಯಾರದವರ ಮೇಲೆ ಆಪಾದನೆ ಹೊರಿಸುವಂತಿಲ್ಲ. ಇಷ್ಟಕ್ಕೆ ಅವರು ಉಳಿದುಕೊಳ್ಳಬಹುದು. ಹಿಂಬದಿ ದಾಖಲೆಗೆ ಸೇರಲೂಬಹುದು.

ತೊಡಕು ಐದನೇ ಪ್ಯಾರಾದ್ದು. ಒಬ್ಬಳೇ ನೋಡಿದೆ ಅಂದ ತಕ್ಷಣ ಪೀಠದಿಂದ ಬರುವ ಮೊದಲ ಪ್ರಶ್ನೆ, ಹಾಗಾದರೆ ಎರಡನೇ ಸಹಿ ಎಲ್ಲಿಂದ ಬಂತು ಅನ್ನುವುದು. ನನ್ನದನ್ನು ಹೇಳಬೇಕಾದರೆ ನಿನ್ನದನ್ನು ಹೇಳದೆ ದಾರಿಯಿಲ್ಲ. ಎಷ್ಟು ತಿರುಗಿಸಿ ಬರೆದರೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಐದನೇ ಪ್ಯಾರಾವನ್ನು ಎರಡು ರೀತಿ ಬರೆದಿಟ್ಟಿದ್ದೇನೆ. ಒಂದರಲ್ಲಿ ನಿಜವಿದೆ: ನನ್ನ ಬೇಡಿಕೆಗೆ ಮರುಗಿ, ನನ್ನ ಮಾತನ್ನು ನಂಬಿ, ಆಕೆ ಹಾಳೆಗಳಿಗೆ ಮೊದಲೇ ಸಹಿ ಮಾಡಿ ಕೊಟ್ಟರು. ನಿನ್ನ ಮುಖ್ಯಸ್ಥರು ಅದನ್ನೂ ಓದುತ್ತಾರೆ. ಅಜಾಗರೂಕತೆ ಅನ್ನುವ ಮಾತು ಹೋಗಿ ಅದಕ್ಕಿಂತ ಕೆಟ್ಟದ್ದು ನಿನ್ನ ಹೆಸರಿಗೆ ಬರಬಹುದು. ಇನ್ನೊಂದರಲ್ಲಿ, ನಿನ್ನ ಸಹಿಯನ್ನು ನಾನೇ ಗೀಚಿದೆ, ನಿನಗೆ ಏನೂ ಗೊತ್ತಿರಲಿಲ್ಲ ಅಂತ ಬರೆದಿದ್ದೇನೆ. ಅದು ಸುಳ್ಳು. ಆದರೆ ಆ ಸುಳ್ಳು ಬೀಳುವುದು ನನ್ನ ಮೇಲೆ, ನಿನ್ನ ಲೈಬ್ರರಿಯ ಕಿಟಕಿ ನಿನಗೆ ಉಳಿಯುತ್ತದೆ. ಅದಕ್ಕೆ ಏನು ಶಿಕ್ಷೆಯೋ ನನಗೆ ಗೊತ್ತಿದೆ, ಪಾಪುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತಲೂ ಗಂಡನ ಹತ್ತಿರ ಮಾತಾಡಿ ಆಗಿದೆ. ಮೊದಲು ಈ ಎರಡನೆಯದೇ ದೊಡ್ಡ ತ್ಯಾಗ ಅನ್ನಿಸಿತು. ಬರೆದು ಮುಗಿಸಿ ಓದಿದಾಗ ನನ್ನ ಮೇಲೇ ಹೇಸಿಗೆಯಾಯಿತು. ಮತ್ತೆ ಪ್ರಮಾಣ ಮಾಡಿ ಸುಳ್ಳು, ಮತ್ತೆ ನಿನ್ನನ್ನು ಕೇಳದೆ ನಿನ್ನ ವಿಷಯ. ನಿನಗೆ ಒಳ್ಳೆಯದಾಗಲಿ ಅಂತ ಮಾಡಿದರೂ ಅದು ಜುಲೈನ ಕೆಲಸವೇ.

ಆದ್ದರಿಂದ ಈ ಸಲ ಕೇಳುತ್ತಿದ್ದೇನೆ.

ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ. ಆ ಮಾತು ಈ ಕಾಗದದಲ್ಲಿ ಬರಬಾರದು ಅಂತ ಎಚ್ಚರದಿಂದ ಬರೆಯುತ್ತಿದ್ದೇನೆ. ಬೈಯಬೇಕು ಅನ್ನಿಸಿದರೆ ಬೈ, ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಬೈಯಲೂ ಮನಸ್ಸಿಲ್ಲದಿದ್ದರೆ ಬೇಡ. ಮೊದಲನೆಯದು ಅನ್ನು, ಇಲ್ಲ ಎರಡನೆಯದು ಅನ್ನು, ಫೋನು ಇಟ್ಟುಬಿಡು. ನೀವು ಅಂತ ಕರೆದೇ ಹೇಳು, ಪರವಾಗಿಲ್ಲ. ಎರಡೂ ಹಾಳೆ ಮೇಜಿನ ಮೇಲಿವೆ, ಪೆನ್ನಿನ ಮುಚ್ಚಳ ಹಾಕಿಟ್ಟಿದ್ದೇನೆ. ಬೆಳಿಗ್ಗೆ ಎಂಟು ಗಂಟೆಗೆ ನಾನು ಮನೆ ಬಿಡಬೇಕು, ಪ್ರಮಾಣ ಮಾಡಿಸುವವರ ಮುಂದೆ ಒಂಬತ್ತಕ್ಕೆ ನಿಲ್ಲಬೇಕು.

ನಾನು ಮಾಡಿದರೆ ನೀನು ಎತ್ತುವುದಿಲ್ಲ. ಆದ್ದರಿಂದ ನೀನೇ ಮಾಡು, ಅಕ್ಕ. ಎಷ್ಟು ಹೊತ್ತಾದರೂ ಆಗಲಿ, ಪಾಪು ಎದ್ದರೆ ಏಳಲಿ. ನಾನು ಎದ್ದೇ ಇರುತ್ತೇನೆ. ಬೆಳಗಾಗುವುದರೊಳಗೆ ಒಂದು ಫೋನು ಮಾಡು.

ಚುಕ್ಕಿ